ಜೀಪಿಗೆ ಎಕ್ಸ್‌ಟ್ರಾ ಲೈಟು

ಮೂಡಿಗೆರೆ, ಸಕಲೇಶಪುರದ ಕಡೆ ಜೀಪಿನ ನೆತ್ತಿ ಮೇಲೆ ಸಾಲಾಗಿ ನಾಲ್ಕು ಲೈಟು ಕೂರಿಸೋದು ಒಂದು ಷೋಕಿ. ನೋಡೋಕೆ ಗತ್ತು, ನಿಜ. ಮಳೆಗಾಲದ ಮಂಜಿನಲ್ಲಿ ಹಾಕಿ ನೋಡಿ: ಬೆಳಕೆಲ್ಲ ವಾಪಸ್ ಕಣ್ಣಿಗೇ ಹೊಡೆಯುತ್ತೆ, ಬಾನೆಟ್ ಬೇರೆ ಫಳಫಳ, ಮುಂದಿನ ಗುಂಡಿ ಮಾತ್ರ ಕಾಣಲ್ಲ. ಮಂಜಿಗೆ ಲೈಟು ಬಂಪರ್ ಮಟ್ಟದಲ್ಲಿರಬೇಕು, ಮೂತಿ ಸ್ವಲ್ಪ ನೆಲದ ಕಡೆ.

ಮನೆಯಲ್ಲೇ ಕೂರಿಸೋರಿಗೆ ಬ್ರಾಕೆಟ್ ಕಷ್ಟವಲ್ಲ, ಹಳೇ ಆಂಗಲ್ ತುಂಡಿಗೆ ಎರಡು ತೂತು ಹೊಡೆದರೆ ಆಯ್ತು. ಆಟ ಇರೋದು ವೈರಿಂಗ್‌ನಲ್ಲಿ. 55 ವ್ಯಾಟಿನ ಎರಡು ಹ್ಯಾಲೊಜೆನ್ ಅಂದ್ರೆ 12 ವೋಲ್ಟಿನಲ್ಲಿ 9 ಆಂಪಿಯರ್ ಚಿಲ್ಲರೆ. ಅಷ್ಟನ್ನೂ ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನಲ್ಲಿ ಎಳೆದರೆ ಅದು ಬಿಸಿಯಾಗಿ ಕರಗಬಹುದು. ಅದಕ್ಕೇ ರಿಲೇ: ಸ್ವಿಚ್ಚು ಅದರ 85, 86ನೇ ಪಿನ್ನುಗಳಿಗೆ ಬರೀ ಸನ್ನೆ ಮಾಡುತ್ತೆ, ಭಾರದ ಕರೆಂಟು ಬ್ಯಾಟರಿಯಿಂದ 30ರಲ್ಲಿ ಹೊಕ್ಕು 87ರಿಂದ ಲೈಟಿಗೆ. 15 ಆಂಪಿಯರ್ ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಲಿ. ಲೈಟಿನ ಹತ್ತಿರ ಹಾಕಿದರೆ, ನಡುವೆ ವೈರು ಸವೆದು ಬಾಡಿಗೆ ತಾಗಿದಾಗ ಅದು ಸುಮ್ಮನೆ ನೋಡ್ತಾ ಕೂರುತ್ತೆ. ಅರ್ತ್ ಕೊಡುವಲ್ಲಿ ಪೇಂಟ್ ಕೆರೆಯದೆ ಬೋಲ್ಟ್ ಬಿಗಿದರೆ ಲೈಟು ಮಿಣಮಿಣ.

ಹಾಂ, ಡಾಂಬರು ರಸ್ತೆಗೆ ಬಂದಾಗ ಆರಿಸಿ ಕವರ್ ಹಾಕಿ. ಎದುರು ಬರೋ ಬೈಕಿನವರಿಗೆ ದಾರಿಯೇ ಕಾಣಲ್ಲ, ಪೊಲೀಸರು ದಂಡ ಹಾಕೋದೂ ಇದೆ.