ಕ್ಯಾನ್ಸರ್ ರೋಗಿಗಳಿಗಾಗಿ ಓಡುವುದು ಸದಕವಾಗುತ್ತದೆಯೇ?

ಇಬ್ಬರು ಗಂಡುಮಕ್ಕಳ ಹೆಗಲಿನ ಆಸರೆಯಲ್ಲಿ ಕಾಲೆಳೆಯುತ್ತಾ ಸಾಗುತ್ತಿದ್ದ ಒಬ್ಬ ವೃದ್ಧರನ್ನು ಪ್ರವಾದಿ(ಸ) ಕಂಡರು. ಏನಿದು ಎಂದು ವಿಚಾರಿಸಿದಾಗ, ಕಾಬಾದವರೆಗೆ ನಡೆದೇ ಹೋಗುವೆನೆಂದು ಅವರು ಹರಕೆ ಹೊತ್ತಿರುವುದು ತಿಳಿಯಿತು. ಈ ಮನುಷ್ಯನು ತನ್ನನ್ನು ತಾನು ಹೀಗೆ ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಾಗಿಲ್ಲ ಎಂಬ ಅರ್ಥದ ಮಾತನ್ನು ಹೇಳಿ, ವಾಹನವೇರಿ ಹೋಗುವಂತೆ ಪ್ರವಾದಿವರ್ಯರು(ಸ) ಅವರಿಗೆ ಆಜ್ಞಾಪಿಸಿದರು. ಅನಸ್(ರ) ಅವರಿಂದ ವರದಿಯಾಗಿ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ಮದ್ರಸಾದಲ್ಲಿ ಹರಕೆಯ ಅಧ್ಯಾಯದಲ್ಲಿ ಓದಿದ್ದೆ. ಇಷ್ಟು ವರ್ಷಗಳ ಮೇಲೆ ಅದೇ ಹದೀಸು ಒಂದು ಸೈಕಲ್ಲಿನ ವಿಷಯದಲ್ಲಿ ನನ್ನೆದುರು ಬಂದು ನಿಲ್ಲುವುದೆಂದು ಎಣಿಸಿರಲಿಲ್ಲ.

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸಪೇಟೆಗೆ ಬಂದಿದ್ದ. ಕಂಪ್ಲಿಯಿಂದ ಹೊರಟು ಕಮಲಾಪುರ, ಹಂಪಿ, ಹೊಸಪೇಟೆಯನ್ನು ಹಾದು ಸಂಡೂರನ್ನು ಮುಟ್ಟಿ, ಅದೇ ದಿನ ಮರಳಿ ಕಂಪ್ಲಿಗೆ ಸೈಕಲ್ ತುಳಿಯಬೇಕೆಂಬುದು ಅವನ ಯೋಜನೆ. ಒಟ್ಟು ಸುಮಾರು 120 ಕಿಲೋಮೀಟರು. ಕಿಲೋಮೀಟರಿಗೆ ಇಷ್ಟೆಂದು ಬಂಧುಗಳೂ ಅಂಗಡಿಯವರೂ ಕೊಡುವ ಹಣವನ್ನು ನಮ್ಮ ಭಾಗದ ಬಡ ಕ್ಯಾನ್ಸರ್ ರೋಗಿಗಳಿಗೆ ಮುಟ್ಟಿಸಬೇಕು. "ಹಜರತ್, ನಾನು ಸೈಕಲ್ ತುಳಿದ್ರೆ ಜನ ದುಡ್ಡು ಕೊಡ್ತಾರೆ. ಇದು ಸದಕ ಆಗ್ತದಾ, ಇಲ್ಲ ತಮಾಷೆ ಆಗ್ತದಾ?" ಎಂದು ಕೇಳಿದ. ಜಮಾಅತಿನ ಹಿರಿಯರೊಬ್ಬರು ಅವನಿಗೆ ಅದಾಗಲೇ ಉತ್ತರ ಕೊಟ್ಟಿದ್ದರು: ಕೊಡುವವರು ಕೊಡಲಿ, ನಡುವೆ ಈ ಕುಣಿತವೇಕೆ?

ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಯಿಲೆಯ ಮನುಷ್ಯನಿಗೆ ನೂರು ರೂಪಾಯಿ ಕೊಡಲು ಇನ್ನೊಬ್ಬ ಬೆವರು ಸುರಿಸುವುದನ್ನು ನೋಡಲೇಬೇಕೆಂದಿದ್ದರೆ ನಮ್ಮ ಹೃದಯಗಳಲ್ಲಿ ಏನೋ ಕೊರತೆಯಿದೆ ಎಂದೇ ಅರ್ಥ. ಆದರೆ ಆ ಕೊರತೆ ಇರುವುದು ದಿಟ. ಮನುಷ್ಯನ ಸ್ವಭಾವವನ್ನು ಬಲ್ಲ ಧರ್ಮವು ಇದನ್ನು ಕಡೆಗಣಿಸಿಲ್ಲ. ಮುದರ್ ಗೋತ್ರದ ಕಡುಬಡವರು ಮದೀನಕ್ಕೆ ಬಂದ ದಿನದ ಪ್ರಸಂಗವನ್ನು ಜರೀರ್(ರ) ವರದಿ ಮಾಡಿದ್ದಾರೆ. ಮೈಮುಚ್ಚುವಷ್ಟು ಬಟ್ಟೆಯಿಲ್ಲದ ಆ ಜನರನ್ನು ಕಂಡು ಪ್ರವಾದಿಯವರ(ಸ) ಮುಖ ಬಾಡಿತು, ದಾನಕ್ಕೆ ಕರೆಯಿತ್ತರು. ಆಗ ಅನ್ಸಾರಿಯೊಬ್ಬರು ಕೈಯಲ್ಲಿ ಹಿಡಿಯಲಾಗದಷ್ಟು ಭಾರದ ಥೈಲಿಯೊಂದನ್ನು ಎಲ್ಲರೆದುರೇ ತಂದಿಟ್ಟರು. ಅದನ್ನು ಕಂಡು ಉಳಿದವರು ಒಬ್ಬರ ಹಿಂದೊಬ್ಬರು ತಂದರು. ಧಾನ್ಯದ್ದೊಂದು, ಬಟ್ಟೆಯದ್ದೊಂದು ರಾಶಿಯೇ ಆಯಿತು. ಒಳಿತಿನ ರೂಢಿಯನ್ನು ಆರಂಭಿಸಿದವನಿಗೆ ಅನಂತರ ಅದನ್ನು ಅನುಸರಿಸಿದವರ ಪುಣ್ಯದಷ್ಟೇ ಪುಣ್ಯವೂ ಉಂಟು ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದು ಆಗಲೇ. ಗುಪ್ತದಾನ ಮೇಲೆಂದು ಸಾರುವ ಅಲ್ ಬಕರ ಅಧ್ಯಾಯದ 271ನೆಯ ಸೂಕ್ತವೂ ಬಹಿರಂಗದಾನವನ್ನು ಒಳ್ಳೆಯದೆಂದೇ ಹೇಳುತ್ತದೆ.

ಹಾಗಾದರೆ ದೇಹದಂಡನೆ? ಅದಕ್ಕೇ ನನಗೆ ಆ ವೃದ್ಧರ ನೆನಪಾದುದು. ಈ ಬಗೆಯ ಸಾಹಸಗಳ ಮೂಲವನ್ನು ಹುಡುಕಿ ಹೋದರೆ ಕೆನಡಾದ ಟೆರ್ರಿ ಫಾಕ್ಸ್ ಎಂಬ ತರುಣ ಎದುರಾಗುತ್ತಾನೆ. 1977ರಲ್ಲಿ, ಹದಿನೆಂಟರ ಹರೆಯದಲ್ಲಿ, ಮೂಳೆಯ ಕ್ಯಾನ್ಸರಿನಿಂದಾಗಿ ಅವನ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಲಾಯಿತು. ಆಸ್ಪತ್ರೆಯಲ್ಲಿ ತನ್ನ ಜೊತೆಗಿದ್ದ ರೋಗಿಗಳ, ಅದರಲ್ಲೂ ಮಕ್ಕಳ, ನೋವನ್ನು ಕಂಡವನು ಸಂಶೋಧನೆಗೆ ಹಣ ಕೂಡಿಸಲು ದೇಶದ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಓಡುವ ಸಂಕಲ್ಪ ಮಾಡಿದ. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್‌ನಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಕೃತಕ ಕಾಲನ್ನು ಅದ್ದಿ ಹೊರಟ. ದಿನಕ್ಕೆ ಹೆಚ್ಚುಕಡಿಮೆ 42 ಕಿಲೋಮೀಟರು, ಎಂದರೆ ದಿನಕ್ಕೊಂದು ಮ್ಯಾರಥಾನ್. ಮೊದಮೊದಲು ಅವನನ್ನು ಕೇಳುವವರಿರಲಿಲ್ಲ. ಪೋರ್ಟ್ ಓ ಬಾಸ್ಕ್ ಎಂಬ, ಸುಮಾರು ಹತ್ತು ಸಾವಿರ ಜನರ ಸಣ್ಣ ಊರು ಹತ್ತು ಸಾವಿರ ಡಾಲರಿಗೂ ಮಿಗಿಲಾಗಿ ಕೂಡಿಸಿಕೊಟ್ಟಿತು. ತಲೆಗೊಂದು ಡಾಲರಿನ ಆ ಲೆಕ್ಕ ಮುಂದೆ ಇಡೀ ದೇಶದ ಗುರಿಯಾಯಿತು. ನಮ್ಮ ಕಂಪ್ಲಿಯೋ ಸಂಡೂರೋ ಅದಕ್ಕಿಂತ ದೊಡ್ಡ ಊರುಗಳು ಎಂಬುದನ್ನು ನನ್ನ ವಿದ್ಯಾರ್ಥಿಗೆ ನೆನಪಿಸಿದೆ.

ಟೆರ್ರಿ ಗುರಿ ಮುಟ್ಟಲಿಲ್ಲ. 143 ದಿನ, 5,373 ಕಿಲೋಮೀಟರು ಓಡಿದ ಮೇಲೆ ಸೆಪ್ಟೆಂಬರ್ 1ರಂದು ಥಂಡರ್ ಬೇ ಎಂಬ ಊರಿನ ಬಳಿ ಕೆಮ್ಮು, ಎದೆನೋವುಗಳಿಂದ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 1981ರ ಫೆಬ್ರವರಿಗೆ 2 ಕೋಟಿ 40 ಲಕ್ಷ ಡಾಲರುಗಳು, ಅಂದರೆ ಅಂದಿನ ಕೆನಡಿಗರ ತಲೆಗೊಂದು ಡಾಲರಿನಷ್ಟು, ಕೂಡಿತ್ತು. ಜೂನ್ 28ರಂದು ಅವನು ತೀರಿಕೊಂಡ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಕತ್ತರಿಸಿದ ಕಾಲಿನ ತುದಿ ರಕ್ತ ಒಸರುತ್ತಿದ್ದರೂ ಓಡಿದ ಆ ಹುಡುಗನ ತ್ಯಾಗದ ಮುಂದೆ ನನ್ನ ತಲೆ ಬಾಗುತ್ತದೆ. ಆದರೆ ಅವನ ಹಾಗೆ ಓಡು ಎಂದು ನಾನು ಯಾವ ವಿದ್ಯಾರ್ಥಿಗೂ ಹೇಳಲಾರೆ. ದೇಹವು ನಮ್ಮ ಸ್ವಂತದ್ದಲ್ಲ, ಅಮಾನತ್. ಅವನ ಹೆಸರಿನಲ್ಲಿ ಈಗ ನಡೆಯುವ ಓಟವಂತೂ ಬೇರೆಯದೇ ರೀತಿಯದು. ಅಲ್ಲಿ ಗೆದ್ದವರು ಸೋತವರು ಇಲ್ಲ, ಬಹುಮಾನವಿಲ್ಲ, ಕಂಪನಿಗಳ ಜಾಹೀರಾತಿಗೆ ಅವಕಾಶವಿಲ್ಲ. ಓಡಲಾರದವರು ನಡೆಯಬಹುದು, ಮಕ್ಕಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡೂ ಹೋಗಬಹುದು. ಕೊಲ್ಲಿಯಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಕೆಲವರು ದುಬೈ, ಅಬುಧಾಬಿಗಳಲ್ಲಿ ಈ ಓಟವನ್ನು ಕಂಡಿರಬಹುದು. ಬರಿಗಾಲಿನಲ್ಲಿ ಕಾಬಾಕ್ಕೆ ಹೋಗುವೆನೆಂದು ಹರಕೆ ಹೊತ್ತ ಉಕ್ಬ ಬಿನ್ ಆಮಿರ್(ರ) ಅವರ ಸಹೋದರಿಗೆ, ನಡೆಯಲೂ ನಡೆಯಲಿ, ಸವಾರಿಯನ್ನೂ ಮಾಡಲಿ ಎಂದು ಪ್ರವಾದಿಯವರು(ಸ) ಕೊಟ್ಟ ಅನುಮತಿ ಇಂಥದ್ದೇ ಮಧ್ಯಮ ಮಾರ್ಗ. ಇನ್ನು ಓಟವು ಹುಡುಗಾಟವೆನ್ನುವವರು ಸಲಮ ಬಿನ್ ಅಕ್‌ವಅ್(ರ) ಪ್ರವಾದಿಯವರ(ಸ) ಅನುಮತಿ ಪಡೆದು ಮದೀನದವರೆಗೆ ಪಂದ್ಯ ಕಟ್ಟಿ ಓಡಿ ಗೆದ್ದುದನ್ನು ಮುಸ್ಲಿಮ್ ಗ್ರಂಥದಲ್ಲಿ ಓದಬೇಕು.

ಕರ್ನಾಟಕದಲ್ಲೂ ಇದು ಹೊಸತಲ್ಲ. 2008ರಲ್ಲಿ ಆರಂಭವಾದ ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟದ ಮೂಲಕ ಪ್ರತಿ ವರ್ಷ ಅನೇಕ ಸೇವಾಸಂಸ್ಥೆಗಳಿಗೆ ದೇಣಿಗೆ ಹೋಗುತ್ತದೆ. ಮಿಲಿಂದ್ ಸೋಮನ್ 2012ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಪಿಂಕಥಾನ್ ಬೆಂಗಳೂರಿಗೂ ಬಂತು. ಸ್ತನ ಕ್ಯಾನ್ಸರಿನ ಅರಿವಿಗಾಗಿ ಮಹಿಳೆಯರಷ್ಟೇ ಓಡುವ ಓಟವದು. ಒಂದು ಮಾತು ಮಾತ್ರ ಗಮನದಲ್ಲಿರಲಿ: ಇಂಥ ದೊಡ್ಡ ಓಟಗಳಲ್ಲಿ ಸಾಮಾನ್ಯವಾಗಿ ನೋಂದಣಿ ಶುಲ್ಕ ಏರ್ಪಾಟಿನ ಖರ್ಚಿಗೆ ಹೋಗುತ್ತದೆ, ದೇಣಿಗೆಯನ್ನು ಬೇರೆಯಾಗಿಯೇ ಕೊಡಬೇಕು. ಟೀ ಶರ್ಟ್ ಧರಿಸಿದ ಮಾತ್ರಕ್ಕೆ ರೋಗಿಗೆ ಏನೂ ತಲುಪಿರುವುದಿಲ್ಲ. ಹೆಸರು ದೊಡ್ಡದಾದಷ್ಟೂ ಅಪಾಯವೂ ದೊಡ್ಡದು. ಕ್ಯಾನ್ಸರಿನಿಂದ ಗುಣವಾಗಿ ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದನೆನಿಸಿಕೊಂಡ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಬಿರುದುಗಳನ್ನೆಲ್ಲ 2012ರಲ್ಲಿ ಕಿತ್ತುಕೊಂಡಾಗ, ಅವನೇ ಕಟ್ಟಿದ ಕ್ಯಾನ್ಸರ್ ಸಂಸ್ಥೆ ಅವನ ಹೆಸರನ್ನೇ ಕಳಚಿಟ್ಟು ಮುಂದುವರಿಯಬೇಕಾಯಿತು.

ಈ ವಿಷಯದಲ್ಲಿ ನಾನು ದೂರ ನಿಂತು ಫತ್ವಾ ಹುಡುಕುವವನಲ್ಲ. ನನ್ನ ಆಪಾ ಎದೆಯ ಗಂಟನ್ನು ನಾಚಿಕೆಯಿಂದ ಏಳು ತಿಂಗಳು ಯಾರಿಗೂ ಹೇಳದೆ ಇದ್ದಳು. ಹೇಳಿದ ಮೇಲೆ ಶಸ್ತ್ರಚಿಕಿತ್ಸೆ, ಕೀಮೋ, ಕೊನೆಗೆ ರೇಡಿಯೇಷನ್ ಆಯಿತು. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನದಂತೆ ವಾರಗಟ್ಟಲೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಮಿಕ್ಕ ಹೊತ್ತೆಲ್ಲ ಪರವೂರಿನಲ್ಲಿ ಕಾಯುವುದು. ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವವರಲ್ಲಿ ಕಿದ್ವಾಯಿಗೆ ಹೋಗುವವರನ್ನು ಕೈಯಲ್ಲಿರುವ ದೊಡ್ಡ ಲಕೋಟೆಗಳಿಂದಲೇ ಗುರುತಿಸಬಹುದು. ಸ್ವಾತಂತ್ರ್ಯ ಹೋರಾಟಗಾರರೂ ನೆಹರೂ ಸಂಪುಟದ ಸಚಿವರೂ ಆಗಿದ್ದ ರಫೀ ಅಹ್ಮದ್ ಕಿದ್ವಾಯಿಯವರ ಹೆಸರನ್ನು ಹೊತ್ತ ಆ ಆಸ್ಪತ್ರೆ 1973ರಿಂದ ಈ ನಾಡಿನ ಬಡವರ ಪಾಲಿನ ಕೊನೆಯ ಬಾಗಿಲು. ಬೆಂಗಳೂರು ದೂರವೆನ್ನುವವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ.

ಚಿಕಿತ್ಸೆಯ ವೆಚ್ಚಕ್ಕೆ ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಆಸ್ಪತ್ರೆಯ ಪ್ರಮಾಣಪತ್ರವಿದ್ದರೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಜೊತೆಗೊಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿಯೂ ಉಂಟು. ಇದನ್ನು ತಿಳಿಯದೆ ಪೂರ್ಣ ದರ ಕೊಟ್ಟು ಓಡಾಡುವ ಮನೆಗಳು ನಮ್ಮಲ್ಲೇ ಇವೆ. ಆದರೆ ಬಾಡಿಗೆ ಕೋಣೆ, ಎರಡು ಹೊತ್ತಿನ ಊಟ, ಜೊತೆಗಿರುವವರು ಕಳೆದುಕೊಳ್ಳುವ ಕೂಲಿ, ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಸಂಡೂರಿನ ಗಣಿಯ ಕಡೆ ಲಾರಿ ಓಡಿಸುವವನು ಹೆಂಡತಿಯೊಡನೆ ಆರು ವಾರ ಬೆಂಗಳೂರಿನಲ್ಲಿ ಕುಳಿತರೆ ಮನೆಯ ಒಲೆ ಆರುತ್ತದೆ. ಎಷ್ಟೋ ಮಂದಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇಲ್ಲಿಯೇ. ಸೈಕಲ್ಲಿನಿಂದ ಬರುವ ಹಣಕ್ಕೆ ಸಂಶೋಧನೆಯ ಭಾರ ಬೇಡ, ಈ ಕಂದಕವನ್ನು ಒಂದಿಷ್ಟು ತುಂಬಲಿ ಎಂದು ನಾನು ಹೇಳಿದೆ.

ಹಂಪಿಯ ದಾರಿಯಲ್ಲೇ ಇದಕ್ಕೊಂದು ಹಳೆಯ ಮೇಲ್ಪಂಕ್ತಿ ಇದೆ. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವಾಗ ಗುಮ್ಮಟವಿಲ್ಲದೆ, ಊರ ಮಂಟಪದಂತೆಯೇ ಕಾಣುವ ಒಂದು ಮಸೀದಿ ಸಿಗುತ್ತದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. ಅಲ್ಲಿನ ಶಾಸನ ಅದನ್ನು ಧರ್ಮಶಾಲೆಯೆಂದು ಕರೆದು, ಅದರ ಪುಣ್ಯ ರಾಜನಿಗೆ ಸಲ್ಲಲೆಂದು ಹೇಳುತ್ತದೆ. ಬಿ.ಎ. ತರಗತಿಯಲ್ಲಿ ಶಾಸನಗಳನ್ನು ಓದುವಾಗ ಆ ಪದ ನನ್ನನ್ನು ಅಷ್ಟಾಗಿ ತಟ್ಟಿರಲಿಲ್ಲ. ಕಿದ್ವಾಯಿ ಆವರಣದ ಧರ್ಮಶಾಲೆಯಲ್ಲಿ ಆಪಾಳಿಗೊಂದು ಮಂಚ ಸಿಕ್ಕ ದಿನ ತಟ್ಟಿತು. ಆ ಕೋಣೆಯಲ್ಲಿ ಲಂಬಾಣಿ ತಾಯಿಯೊಬ್ಬರು, ರಾಯಚೂರಿನ ರೈತ ಮಹಿಳೆಯೊಬ್ಬರು ಇದ್ದರು. ಆಪಾ ನಮಾಝಿಗೆ ನಿಂತಾಗ ಅವರು ಮಾತು ತಗ್ಗಿಸುತ್ತಿದ್ದರು. ಹೀಗಾಗಿ, ಕೂಡಿಬರುವ ಹಣ ನಮ್ಮ ಸಮುದಾಯದ ರೋಗಿಗಳಿಗಷ್ಟೇ ಎಂದು ಕೆಲವರು ಒಡ್ಡಿದ ಷರತ್ತನ್ನು ನಾನು ಒಪ್ಪಲಿಲ್ಲ. ಝಕಾತಿನ ಹಣವಿದ್ದರೆ ಅದಕ್ಕೆ ಕುರ್‌ಆನ್ ಹೇಳಿದ ಎಂಟು ವರ್ಗಗಳ ಲೆಕ್ಕ ಬೇರೆಯೇ ಇರಲಿ. ಸದಕದ ಹಣಕ್ಕೆ ಜಾತಿಮತದ ಬೇಲಿಯಿಲ್ಲ.

ಕೊನೆಗೆ ಆದ ತೀರ್ಮಾನ ಇಷ್ಟು. ಹುಡುಗ ಹರಕೆ ಹೊರುವುದಿಲ್ಲ. ಸುಸ್ತಾದರೆ ಹಿಂದೆ ಬರುವ ಗೆಳೆಯನ ಗಾಡಿಗೆ ಸೈಕಲ್ ಏರಿಸಲು ಅವನಿಗೆ ಸಂಕೋಚವಿರಬಾರದು, ಕೊಟ್ಟ ಮಾತಿನ ಹಣವನ್ನು ಆಗಲೂ ಪೂರ್ತಿ ಕೊಡಬೇಕೆಂದು ದಾನಿಗಳಿಗೆ ಮೊದಲೇ ತಿಳಿಸಲಾಗುವುದು. ಬೇಸಿಗೆ ಬೇಡ, ಡಿಸೆಂಬರಿನ ಒಂದು ಭಾನುವಾರ ಫಜ್ರ್ ಮುಗಿಸಿ ಕಂಪ್ಲಿಯಿಂದ ಹೊರಡುವುದು, ಝುಹರ್ ಸಂಡೂರಿನಲ್ಲಿ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಕಾಟವಿರುವುದರಿಂದ ಕತ್ತಲಾಗುವ ಮೊದಲೇ ಹೊಸಪೇಟೆ ದಾಟಬೇಕು. ಬಂದ ಹಣ, ಹೋದ ಹಣದ ಲೆಕ್ಕವನ್ನು ಮಸೀದಿಯ ಫಲಕದಲ್ಲಿ ಹಚ್ಚುವುದು. ದಾನಿಗಳ ಹೆಸರೂ ರೋಗಿಗಳ ಹೆಸರೂ ಅದರಲ್ಲಿರಬಾರದು. ಹಿರಿಯರು ಇದನ್ನೆಲ್ಲ ಕೇಳಿ, ಫೋಟೋ ತೆಗೆಯುವವರನ್ನು ಯಾರು ತಡೆಯುತ್ತೀರಿ ಎಂದರು. ಅದಕ್ಕೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ.

ಮೊದಲ ಹಣ ಯಾರಿಗೆ ಹೋಗಬೇಕೆಂದು ಆಪಾಳನ್ನೇ ಕೇಳಿದೆವು. ರೇಡಿಯೇಷನ್‌ಗೆ ಒಬ್ಬಳೇ ಬರುವವಳನ್ನು ಹುಡುಕಿ, ಅವಳ ಜೊತೆ ಇರುವವರ ಕೂಲಿ ಕಟ್ಟಿಕೊಡಿ ಎಂದಳು. ಅಂಥವರನ್ನು ಬಲ್ಲ ಆಶಾ ಕಾರ್ಯಕರ್ತೆಯರನ್ನು ಹುಡುಗ ಈಗ ಸಂಡೂರು ತಾಲೂಕಿನಲ್ಲಿ ಕಾಣುತ್ತಿದ್ದಾನೆ.