ಒಂದೇ ಪಾತ್ರೆಯ ಉಪ್ಪು

ತಪಸ್ಸು ಕಾಲ ಬಂತೆಂದರೆ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಮಾಂಸ ನಿಲ್ಲುತ್ತದೆ, ಉಪ್ಪು ಏರುತ್ತದೆ. ಹಾಸ್ಯಕ್ಕೆ ಹೇಳುತ್ತಿಲ್ಲ. ಕುಚ್ಚಲಕ್ಕಿ ಗಂಜಿ, ಬದಿಗೆ ಒಣಮೀನಿನ ಚಟ್ನಿ, ಮಿಡಿ ಉಪ್ಪಿನಕಾಯಿ, ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ಉಪವಾಸದ ಊಟವೆಂದರೆ ಇದು. ನಾವೂ ಗುರುನಿವಾಸದಲ್ಲಿ ವರ್ಷಾನುಗಟ್ಟಲೆ ಇದನ್ನೇ ಉಂಡು, ಮಾಂಸ ಬಿಟ್ಟೆವೆಂಬ ಸಮಾಧಾನದಲ್ಲಿದ್ದೆವು.

ಎರಡು ವರ್ಷಗಳ ಹಿಂದಿನ ತಪಸ್ಸು ಕಾಲದಲ್ಲಿ ನಮ್ಮ ಧರ್ಮಕೇಂದ್ರದ ಸಭಾಭವನದಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಎಲ್ಲರೂ ಬರಬೇಕೆಂದು ಪೂಜೆಯ ಕೊನೆಗೆ ಪ್ರಕಟಣೆ ಓದಿದವರು ನಾವೇ ಆದ್ದರಿಂದ ನಾವೂ ಕೈ ಚಾಚಬೇಕಾಯಿತು. ನಮ್ಮ ರಕ್ತದೊತ್ತಡ 160/100. ನಮ್ಮ ಹಿಂದೆ ನಿಂತಿದ್ದವರು ಗುರುನಿವಾಸದಲ್ಲಿ ಅಡುಗೆ ಮಾಡುವ ಅಕ್ಕ. ಅವರದು 180/110. "ಬಿಸಿಲಲ್ಲಿ ನಡೆದು ಬಂದದ್ದಲ್ವಾ ಫಾದರ್, ಅದಕ್ಕೇ" ಎಂದರು. ನಾವೂ ನಕ್ಕು ಬಿಟ್ಟೆವು. ಆ ನಗುವಿನ ಬಗ್ಗೆ ಈಗಲೂ ನಮಗೆ ಬೇಸರವಿದೆ.

ಗರಿಗಳ ಭಾನುವಾರ ಕಳೆದ ಎರಡನೆಯ ಸಂಜೆ ಅಕ್ಕನ ಕೈಯಿಂದ ಸೌಟು ಜಾರಿತು. ಏನಾಯಿತೆಂದು ಕೇಳಿದರೆ ಮಾತು ತೊದಲುತ್ತಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ, ಇದು ಸಣ್ಣ ಪಾರ್ಶ್ವವಾಯು, ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು. ಮಾತು ಮರಳಿತು. ಬಲಗೈಯ ಎರಡು ಬೆರಳಿಗೆ ಜೋಮು ಉಳಿಯಿತು. ಡಾಕ್ಟರು ಊಟದ ವಿಷಯ ವಿಚಾರಿಸುತ್ತಾ, "ಅಡುಗೆಗೆ ಉಪ್ಪು ಎಷ್ಟು ಹಾಕುತ್ತೀರಿ?" ಎಂದು ಕೇಳಿದರು. ಅಕ್ಕ ಹೇಳಿದರು: "ಫಾದರಿಗೆ ರುಚಿಯಾಗುವಷ್ಟು."

ಅವರು ಅದನ್ನು ಮುಗ್ಧವಾಗಿಯೇ ಹೇಳಿದ್ದು. ಆದರೆ ನಾವಿಬ್ಬರೂ ಉಣ್ಣುವುದು ಒಂದೇ ಪಾತ್ರೆಯಿಂದ. ಹನ್ನೊಂದು ವರ್ಷ ನಮ್ಮ ನಾಲಿಗೆ ಹೇಳಿದ ಅಳತೆಯೇ ಅವರ ದೇಹಕ್ಕೂ ಹೋಗಿತ್ತು.

ಗುರುಮಠದಲ್ಲಿ ನಾವು ಓದಿದ್ದು ತತ್ವಶಾಸ್ತ್ರ, ದೈವಶಾಸ್ತ್ರ. ವಿಜ್ಞಾನ ಪಿಯುಸಿಗೇ ನಿಂತಿತ್ತು. ಉಪ್ಪು ನೀರನ್ನು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಹೆಚ್ಚಿ ಒತ್ತಡ ಏರುತ್ತದೆ ಎಂಬಷ್ಟು ಗೊತ್ತಿತ್ತು. ನಮ್ಮ ಧರ್ಮಕೇಂದ್ರದಿಂದಲೇ ಓದಲು ಹೋಗಿ ಡಾಕ್ಟರಾದ ಯುವಕನೊಬ್ಬ ರಜೆಗೆ ಬಂದಾಗ ಕೇಳಿದೆವು. ಅವನು ರಕ್ತನಾಳದ ಮಾತು ಬಿಟ್ಟು ಕೆಂಪು ರಕ್ತಕಣದಿಂದ ಶುರುಮಾಡಿದ.

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಏಳೆಂಟು ಪಾಲಿನಷ್ಟು ಅಗಲ ಈ ಕಣ. ನಡುವೆ ತಗ್ಗಿದ ತಟ್ಟೆಯ ಆಕಾರ. ಇದು ಹಾದುಹೋಗಬೇಕಾದ ಅತಿ ಸಣ್ಣ ರಕ್ತನಾಳಗಳು ಎಷ್ಟೋ ಕಡೆ ಇದಕ್ಕಿಂತಲೂ ಕಿರಿದು. ಮೈ ಮಡಚಿ ನುಸುಳಿ, ಆಚೆ ಹೋಗಿ ಮತ್ತೆ ಅರಳಬೇಕು. ಸುಮಾರು 120 ದಿನದ ಆಯುಷ್ಯದಲ್ಲಿ ಲಕ್ಷಕ್ಕೂ ಮಿಕ್ಕಿ ಸಲ ದೇಹವನ್ನು ಸುತ್ತುತ್ತದೆ. ಇದೆಲ್ಲ ಸಾಧ್ಯವಾಗುವುದು ಅದರ ಪೊರೆ ಮೆತುವಾಗಿದ್ದರೆ ಮಾತ್ರ. ಕೊಬ್ಬಿನ ಎರಡು ಪದರ, ಅದರಡಿಯಲ್ಲಿ ಮೀನಿನ ಬಲೆಯಂತೆ ಹೆಣೆದ ಪ್ರೋಟೀನು. ಅಷ್ಟೇ ಈ ಪೊರೆ.

ಪೊರೆಯ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ನಾವು ತಿನ್ನುವ ಉಪ್ಪಿನಲ್ಲಿ ನೂರಕ್ಕೆ ನಲವತ್ತು ಪಾಲು ಸೋಡಿಯಂ. ಅದು ಸದಾ ಒಳಗೆ ಜಿನುಗುತ್ತಿರುತ್ತದೆ. ಅದನ್ನು ಹೊರಹಾಕಲು ಪೊರೆಯಲ್ಲಿ ಪುಟ್ಟ ಪಂಪುಗಳಿವೆ. ಒಂದೊಂದು ಸಲಕ್ಕೆ ಮೂರು ಸೋಡಿಯಂ ಕಣ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಇದನ್ನು 1957ರಲ್ಲಿ ಮೊದಲು ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೋ. ಕಂಡದ್ದು ಏಡಿಯ ಕಾಲಿನ ನರದಲ್ಲಿ! ನಲವತ್ತು ವರ್ಷ ಕಳೆದು 1997ರಲ್ಲಿ ಅವರಿಗೆ ನೊಬೆಲ್ ಬಂತು. ಏಡಿ ಸಾರು ಉಣ್ಣುವ ನಮ್ಮ ಕರಾವಳಿಯವರಿಗೆ ಈ ಸಂಗತಿ ಇಷ್ಟವಾದೀತು.

ಉಪ್ಪು ಮಿತಿಮೀರಿದಾಗ, ಅದನ್ನು ಮೂತ್ರದಲ್ಲಿ ಹೊರಹಾಕಿಸಲೆಂದು ದೇಹವೇ ಈ ಪಂಪನ್ನು ತಡೆಯುವ ಒಂದು ವಸ್ತುವನ್ನು ರಕ್ತಕ್ಕೆ ಬಿಡುತ್ತದೆ ಎಂಬುದು ವಿಜ್ಞಾನಿಗಳ ಒಂದು ಪ್ರಬಲ ವಾದ. ಆಫ್ರಿಕಾದಲ್ಲಿ ಬಾಣಕ್ಕೆ ಹಚ್ಚುತ್ತಿದ್ದ ಗಿಡದ ವಿಷದ ಜಾತಿಗೆ ಸೇರಿದ ವಸ್ತು ಅದು. ನಮ್ಮ ದೇವಾಲಯದ ಅಂಗಳದ ಕಣಗಿಲೆಯ ವಿಷವೂ ಹಿಡಿಯುವುದು ಇದೇ ಪಂಪನ್ನು. ಪಂಪು ನಿಧಾನವಾದರೆ ಕಣದೊಳಗೆ ಸೋಡಿಯಂ ನಿಲ್ಲುತ್ತದೆ. ಕೆಂಪು ಕಣದಲ್ಲಿ ಆದದ್ದೇ ರಕ್ತನಾಳದ ಗೋಡೆಯ ಸ್ನಾಯುವಿನಲ್ಲೂ ಆದರೆ ಅಲ್ಲಿ ಸೋಡಿಯಂ ಹಿಂದೆ ಕ್ಯಾಲ್ಸಿಯಂ ಏರುತ್ತದೆ, ನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. ಬದುಕಿರುವವರ ರಕ್ತನಾಳವನ್ನು ಕತ್ತರಿಸಿ ನೋಡುವ ಹಾಗಿಲ್ಲ. ಸೂಜಿ ಚುಚ್ಚಿದರೆ ಕೆಂಪು ಕಣ ಸಿಗುತ್ತದೆ. ಆದ್ದರಿಂದಲೇ ಅದರ ಪೊರೆಯನ್ನು ಕಿಟಕಿಯಾಗಿ ಬಳಸಿದರು. ರಕ್ತದೊತ್ತಡ ಇರುವ ಅನೇಕರಲ್ಲಿ ಪೊರೆಯ ಸೋಡಿಯಂ ಸಾಗಾಟವೇ ಬದಲಾಗಿರುವುದು 1980ರಿಂದಲೇ ವರದಿಯಾಗಿದೆ. ಪೊರೆ ಹೆಚ್ಚು ಗಡುಸಾಗಿರುವುದೂ ಕಂಡುಬಂದಿದೆ.

ಇನ್ನೊಂದು ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಕೆಂಪು ಕಣದ ಹೊರಮೈಗೆ ಸಕ್ಕರೆಯಂಥ ವಸ್ತುಗಳ ನವುರಾದ ಹೊದಿಕೆಯಿದೆ. ಅದರಲ್ಲಿ ಋಣ ವಿದ್ಯುದಂಶ. ರಕ್ತನಾಳದ ಒಳಮೈಗೂ ಅಂಥದೇ ಹೊದಿಕೆ. ಎರಡೂ ಒಂದನ್ನೊಂದು ದೂರ ತಳ್ಳುವುದರಿಂದ ಉಜ್ಜಾಟವಿಲ್ಲದೆ ರಕ್ತ ಹರಿಯುತ್ತದೆ. ಸೋಡಿಯಂ ಅತಿಯಾದಾಗ ಈ ಹೊದಿಕೆ ಸವೆಯುತ್ತದೆಂದು ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ಹಾನ್ಸ್ ಓಬರ್ಲೈಥ್ನರ್ ಮತ್ತು ಸಂಗಡಿಗರು ಬರೆದರು. ಉಪ್ಪನ್ನು ಯಾರ ದೇಹ ಎಷ್ಟು ತಾಳುತ್ತದೆಂದು ಕೆಂಪು ಕಣಗಳಿಂದಲೇ ಅಳೆಯುವ ವಿಧಾನವನ್ನೂ ಅವರು ರೂಪಿಸಿದರು.

ಹೌದು, ಎಲ್ಲರ ದೇಹ ಒಂದೇ ತೆರನಾಗಿ ತಾಳುವುದಿಲ್ಲ. ವಯಸ್ಸಾದವರಲ್ಲಿ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಅದೇ ಉಪ್ಪು ಒತ್ತಡವನ್ನು ಹೆಚ್ಚು ಏರಿಸುತ್ತದೆ. ನಮಗೆ ನಲವತ್ತಾರು, ಅಕ್ಕನಿಗೆ ಅರುವತ್ತಮೂರು. ಇದನ್ನು ಕೇಳಿದ ರಾತ್ರಿ ನಾವು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿಯನ್ನು ಸುಮ್ಮನೆ ನೋಡುತ್ತಾ ನಿಂತಿದ್ದೆವು.

ಮರುದಿನ ಲೆಕ್ಕ ಶುರು. ಹೊಸ ಒಂದು ಕಿಲೋ ಪೊಟ್ಟಣ ಒಡೆದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಉಣ್ಣುವವರು ಮೂವರು: ನಾವು, ಅಕ್ಕ, ದೇವಾಲಯದ ಗಂಟೆ ಹೊಡೆಯುವ ಹಿರಿಯರು. 25ನೆಯ ದಿನ ಪೊಟ್ಟಣ ಖಾಲಿ. ತಲಾ ದಿನಕ್ಕೆ 13 ಗ್ರಾಮಿಗೂ ಮಿಕ್ಕಿ. ಮೀನು ತೊಳೆಯಲು ಹೋದದ್ದನ್ನು ಕಳೆಯಬಹುದು. ಆದರೆ ಉಪ್ಪಿನಕಾಯಿ, ಹಪ್ಪಳ, ಒಣಮೀನಿನದು ಈ ಲೆಕ್ಕಕ್ಕೇ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಲ್ಲ ಸೇರಿ ಒಂದು ಸಣ್ಣ ಚಮಚ.

ಪೊಟ್ಯಾಸಿಯಂ ಬೆರೆಸಿದ ಉಪ್ಪು ತರೋಣವೇ ಎಂದು ಕೇಳಿದೆವು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಅಧ್ಯಯನದಲ್ಲಿ ಅಂಥ ಉಪ್ಪಿನಿಂದ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಗಿದೆ. ಆದರೆ ಮೂತ್ರಪಿಂಡ ದುರ್ಬಲವಾದವರಿಗೂ, ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರಿಗೂ ಅದು ಅಪಾಯ. ಅಕ್ಕನ ಮಾತ್ರೆ ಅಂಥದು. ಡಾಕ್ಟರು ಬೇಡವೆಂದರು. ಯಾರೂ ಕೇಳದೆ ತರಬೇಡಿ.

ಉಪ್ಪಿನ ಮೇಲೆ ನಮಗೆ ಹಗೆಯಿಲ್ಲ. ಯೇಸುಸ್ವಾಮಿ ಶಿಷ್ಯರನ್ನು ಹೋಲಿಸಿದ್ದೇ ಉಪ್ಪಿಗೆ. ಹಿಂದಿನ ಲತೀನ್ ವಿಧಿಯಲ್ಲಿ ಜ್ಞಾನಸ್ನಾನದ ಹೊತ್ತಿಗೆ ನಾಲಿಗೆಯ ಮೇಲೆ ಉಪ್ಪು ಇಡುತ್ತಿದ್ದರು. 1969ರ ಪರಿಷ್ಕೃತ ವಿಧಿಯಲ್ಲಿ ಅದು ಹೋಯಿತು. ಇಡುತ್ತಿದ್ದದ್ದು ಚಿಟಿಕೆ ಮಾತ್ರ ಎಂಬುದನ್ನು ಈಗ ಗಮನಿಸುತ್ತಿದ್ದೇವೆ.

ಮೊದಲ ಮೂರು ವಾರ ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ನಾಲ್ಕನೆಯ ವಾರಕ್ಕೆ ಹುಳಿ, ಜೀರಿಗೆ, ಹಸಿಮೆಣಸಿನ ರುಚಿ ತಿಳಿಯತೊಡಗಿತು. ಒಣಮೀನು ವಾರಕ್ಕೊಮ್ಮೆ, ಅದೂ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ. ಮಾತ್ರೆಯೂ ಸೇರಿ ಅಕ್ಕನ ಒತ್ತಡ ಈಗ 140/84, ನಮ್ಮದು 136/86. ಗಂಟೆಯ ಹಿರಿಯರು ಮಾತ್ರ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ಬರುತ್ತಿದ್ದರು. ಅಕ್ಕ ಅದನ್ನು ಕಸಿದುಕೊಂಡರು.

ಕಳೆದ ಶುಕ್ರವಾರ ಸಾರು ಸಪ್ಪೆ ಎನಿಸಿತು. ಮಾತಾಡದೆ ಉಂಡೆವು. ಬಟ್ಟಲು ಎತ್ತಲು ಬಂದ ಅಕ್ಕ ಕೇಳಿದರು: "ಉಪ್ಪು ಸಾಕಾ ಫಾದರ್?"

"ನಿಮಗೆ ಸಾಕಾಯಿತಾ?" ಎಂದೆವು.

"ನನಗೆ ಸಾಕು."

"ಹಾಗಾದರೆ ಸಾಕು."