ಇದರ್ಲೆ ಏನ್ ಕೊಯ್ತಿ?

ನನಗೆ ಚಾಕುವಿನ ಹುಚ್ಚು ಇದೆ. ಹೀಗಂದ ಕೂಡಲೇ ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಅರ್ಧ ಅಡಿ ಆಚೆ ಸರಿಯುತ್ತಾರೆ. ಗಾಬರಿ ಬೇಡ, ನಾನು ಹೇಳುತ್ತಿರುವುದು ಮಡಚಿ ಕಿಸೆಗೆ ಹಾಕಿಕೊಳ್ಳುವ, ಬೆರಳುದ್ದ ಅಲಗಿನ ಸಣ್ಣ ಚಾಕು. ಈಗ ಇದರದ್ದೇ ಒಂದು ಫ್ಯಾಷನ್ ಲೋಕ ಇದೆ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2012ರಲ್ಲಿ ಶುರುವಾದ ‘ದಿ ಜೇಮ್ಸ್ ಬ್ರ್ಯಾಂಡ್’ ಚಾಕುವನ್ನು ಬೇಟೆಗಾರರ ಅಂಗಡಿಯಿಂದ ಎತ್ತಿ ವಾಚು, ಶೂಗಳ ಪಕ್ಕ ತಂದಿಟ್ಟಿತು. ಅವರ ‘ಚಾಪ್ಟರ್’ ನಿಜಕ್ಕೂ ಚೆಂದ. ಟೈಟಾನಿಯಂ ಹಿಡಿ, ಎಲ್ಲೂ ಒಂದು ಹೆಚ್ಚಿನ ಗೆರೆ ಇಲ್ಲ. ಬೆಲೆ 300 ಡಾಲರ್ ಆಸುಪಾಸು. ಅದೇ ಜಾತಿಯದೊಂದು ನನ್ನ ಹತ್ತಿರವೂ ಇದೆ. ಎಷ್ಟಕ್ಕೆ ತಂದೆ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಳೆದ ದೀಪಾವಳಿಗೆ ಜಮಖಂಡಿಗೆ ಹೋದಾಗ ಅದನ್ನು ಕಂಬಾರ ಕಾಕಾಗೆ ತೋರಿಸಿದೆ. ಕೈಗೆ ಕೊಡಲು ಹೋದರೆ, “ಕೆಳಗ ಇಡಪಾ” ಅಂದ. ಹರಿತ ಇರೋದನ್ನ ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದಲ್ಲ! ನಾಲ್ಕು ಸಲ ತೆಗೆದ, ಮುಚ್ಚಿದ. “ಕೀಲು ಭಾಳ ಛಲೋ ಕೂಡಿಸ್ಯಾರ. ಒಂಚೂರೂ ಅಳ್ಳಾಡೂದಿಲ್ಲ.” ನಾನೇ ಮಾಡಿದಷ್ಟು ಖುಷಿಯಾಯಿತು. ಆಮೇಲೆ ಕೇಳಿದ: “ಇದರ್ಲೆ ನೀ ಏನ್ ಕೊಯ್ತಿ?”

ಕೊರಿಯರ್ ಡಬ್ಬಿಯ ಟೇಪು, ಆಗಾಗ ಸೇಬು ಅಂದೆ.

ಅವನು ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಮ್ಮ ಕಡೆ ಒಂದೊಂದು ಕೆಲಸಕ್ಕೆ ಒಂದೊಂದು ಅಲಗು. ಮುಧೋಳದ ಕಬ್ಬಿಗೆ ಕೊಯ್ತಾ, ಬನಹಟ್ಟಿಯ ಮಗ್ಗದ ಮುಂದೆ ನೂಲಿಗೆ ಪುಟ್ಟ ಕತ್ತರಿ, ಅಜ್ಜಿಯ ಸಂಚಿಯೊಳಗೆ ಅಡಕೊತ್ತು. ಕೆಲಸ ಮೊದಲು, ಅಲಗು ಆಮೇಲೆ. ನಾವು ಚಾಕು ಕೊಂಡು, ಕೊಯ್ಯಲು ಏನಾದರೂ ಸಿಗುತ್ತಾ ಅಂತ ಮನೆಯೆಲ್ಲ ಹುಡುಕುವವರು.

ಅವನ ಪಕ್ಕದಲ್ಲೇ ಕೊಯ್ತಾಗಳ ರಾಶಿ ಬಿದ್ದಿತ್ತು. ಎಲ್ಲ ಹಳೇ ಲಾರಿ ಪಾಟಾದ ಉಕ್ಕು. ಇಂಥದೇ ಸ್ಪ್ರಿಂಗ್ ಉಕ್ಕಿಗೆ ‘5160’ ಅಂತ ನಂಬರು ಹೇಳಿ ಚಾಕುಪ್ರಿಯರು ಗಂಟೆಗಟ್ಟಲೆ ಮಾತಾಡುತ್ತಾರೆ. ಜಪ್ಪಯ್ಯ ಅಂದರೂ ಮುರಿಯದು. ಮೊಂಡಾದರೆ ಕಲ್ಲಿಗೆ ನಾಲ್ಕು ಸಲ ಉಜ್ಜಿದರಾಯಿತು. ನನ್ನ ಚಾಕುವಿನ ‘S35VN’ ಪೌಡರ್ ಸ್ಟೀಲು ಬಹಳ ದಿನ ಹರಿತ ಉಳಿಯುತ್ತದೆ ನಿಜ, ಆದರೆ ಒಮ್ಮೆ ಮೊಂಡಾದರೆ ಡೈಮಂಡ್ ಕಲ್ಲು ಹುಡುಕಬೇಕು. ಟೇಪು ಕೊಯ್ಯುವವನಿಗೆ ಆ ಸ್ಟೀಲು ಯಾಕೆ ಬೇಕು? ಬೇಕಿಲ್ಲ. ಸ್ಪೆಕ್ ಶೀಟಿಗೆ ಬೇಕು.

ಹಾಗಂತ ಡಿಸೈನ್ ಅಂದರೆ ಬರೀ ಷೋಕಿ ಅಂತ ನಾನು ಒಪ್ಪಲಾರೆ. ಫ್ರಾನ್ಸಿನ ಒಪಿನೆಲ್ ನೋಡಿ. ಜೋಸೆಫ್ ಒಪಿನೆಲ್ ಕೂಡ ಕಂಬಾರರ ಮನೆಯ ಹುಡುಗ. ಅಪ್ಪ ಸವೋಯ್ ಬೆಟ್ಟಸೀಮೆಯಲ್ಲಿ ಕೊಡಲಿ, ಕುಡಗೋಲು ಮಾಡುತ್ತಿದ್ದವ. ಮಗ 1890ರಲ್ಲಿ, 18ರ ವಯಸ್ಸಿಗೆ, ರೈತರ ಕಿಸೆಗೆ ಒಂದು ಮಡಚು ಚಾಕು ಮಾಡಿದ. 1897ರಲ್ಲಿ 1ರಿಂದ 12ರವರೆಗೆ ಅಳತೆಯ ನಂಬರು ಕೊಟ್ಟ. 1909ರಲ್ಲಿ ಕಿರೀಟ ತೊಟ್ಟ ಹಸ್ತದ ಮುದ್ರೆ ನೋಂದಾಯಿಸಿದ. 1955ರಲ್ಲಿ ಅಲಗು ಬೆರಳಿನ ಮೇಲೆ ಮುಚ್ಚದಂತೆ ತಿರುಗಿಸುವ ಉಂಗುರ ಬಂತು. ಬೀಚ್ ಕಟ್ಟಿಗೆ, ಒಂದು ಮೊಳೆ, ಒಂದು ಅಲಗು, ಉಂಗುರ, ಅಷ್ಟೇ. ಇವತ್ತಿಗೂ ಸಾಮಾನ್ಯ ಸಂಬಳದವರ ಕೈಗೆಟಕುತ್ತದೆ. ನನ್ನ ಲೆಕ್ಕದಲ್ಲಿ ಜೇಮ್ಸ್‌ಗಿಂತ ಇದೇ ದೊಡ್ಡ ಡಿಸೈನು.

ಕಾಕಾನ ಕೊಯ್ತಾಕ್ಕೆ ಮುದ್ರೆ ಇಲ್ಲ. ನನಗೂ ಒಂದು ಮಡಚು ಚಾಕು ಮಾಡಿಕೊಡು, ಮೇಲೆ ನಿನ್ನ ಹೆಸರು ಹೊಡಿ ಅಂದೆ. “ಹೆಸರ್ಯಾಕ? ಮುರದ್ರ ನನ್ನ ಹತ್ರಾನ ಬರ್ತೀಯಲ್ಲ” ಅಂದ. ಬೆಲೆ ಕೇಳಿದರೆ ಮುನ್ನೂರು ರೂಪಾಯಿ. ಆ ದುಡ್ಡಿಗೂ ಜನ ಅವನ ಹತ್ತಿರ ಚೌಕಾಸಿ ಮಾಡುವುದನ್ನು ಅದೇ ಮಧ್ಯಾಹ್ನ ಕೂತು ನೋಡಿದೆ. ಕೊಯ್ತಾ ಹಣಿಯುವುದು ಗೊತ್ತು, ಸಾಣೆ ಹಿಡಿಯುವುದು ಗೊತ್ತು, ಬೆಲೆ ಹೇಳುವುದೊಂದು ಅವನಿಗೆ ಗೊತ್ತಿಲ್ಲ. ಐನೂರು ಕೊಡ್ತೀನಿ ಅಂದೆ, ಹೆಸರಿಗೆ ಇನ್ನೂರು ಬ್ಯಾರೆ ಅಂದೆ. ಅವನಿಗೆ ಇದು ತಮಾಷೆಯಾಗಿ ಕೇಳಿಸಿತು.

ನಿಮಗೂ ಆಸೆ ಹುಟ್ಟಿದ್ದರೆ ಒಪಿನೆಲ್ 8ನೇ ನಂಬರಿನಿಂದ ಶುರು ಮಾಡಿ. ಕಾರ್ಬನ್ ಉಕ್ಕಿನದೇ ಕೊಳ್ಳಿ. ನಿಂಬೆಹಣ್ಣು ಕೊಯ್ದರೆ ಕಪ್ಪಾಗುತ್ತದೆ, ಒರೆಸಿಡಿ. ವಿಮಾನಕ್ಕೆ ಹೋಗುವಾಗ ಚೆಕ್-ಇನ್ ಬ್ಯಾಗಿಗೆ ಹಾಕಿ. ನನ್ನ ಇನ್ನೊಂದು ಚಾಕು ಕಬ್ಬಿನ ಸೀಜನ್ ಮುಗಿದ ಮೇಲೆ ಬರಬೇಕು, ಜಾಲಿ ಕಟ್ಟಿಗೆಯ ಹಿಡಿ. ಹೆಸರು ಹೊಡೆಯುವ ಮಾತಿಗೆ ಕಾಕಾ ಇನ್ನೂ ಹೂಂ ಅಂದಿಲ್ಲ.